ಮನೆಗೆಲ್ಲಾ ಒಂದೇ ಶಾಪಿಂಗ್ ಖಾತೆ: ಉಡುಗೊರೆಯ ಗುಟ್ಟು ಉಳಿಸಿಕೊಳ್ಳುವುದು ಹೇಗೆ?

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಆನ್‌ಲೈನ್ ಶಾಪಿಂಗ್ ಖಾತೆ ಒಂದೇ ಇರುತ್ತದೆ. ಯಾವಾಗಲೋ ಅಪ್ಪನ ಮೊಬೈಲ್ ನಂಬರಿನಲ್ಲಿ ತೆರೆದದ್ದು. ಅಮೆಜಾನ್‌ನ ಪ್ರೈಮ್ ಸದಸ್ಯತ್ವದ ದುಡ್ಡು ಮಗಳು ಕಟ್ಟುತ್ತಾಳೆ. ಅಮ್ಮ ಅದರಲ್ಲೇ ಮಿಕ್ಸಿ ಜಾರ್ ತರಿಸುತ್ತಾರೆ, ಮಗ ಅದರಲ್ಲೇ ಇಯರ್‌ಫೋನ್ ತರಿಸುತ್ತಾನೆ. ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಆದರೆ ಎಲ್ಲರ ಫೋನಿನಲ್ಲೂ ಲಾಗಿನ್ ಆಗಿದೆ. ವರ್ಷವಿಡೀ ಇದರಿಂದ ತೊಂದರೆ ಏನಿಲ್ಲ. ಅಮ್ಮನ ಹುಟ್ಟುಹಬ್ಬಕ್ಕೋ, ಗೌರಿ ಹಬ್ಬಕ್ಕೆ ತಂಗಿಗೋ ಗುಟ್ಟಾಗಿ ಏನಾದರೂ ತರಿಸಬೇಕು ಎಂದಾಗ ಶುರುವಾಗುತ್ತದೆ ಪೇಚಾಟ. ಬೆಳಿಗ್ಗೆ ಆರ್ಡರ್ ಮಾಡಿರುತ್ತೀರಿ. ಮಧ್ಯಾಹ್ನ ಊಟ ಬಡಿಸುತ್ತಾ ಅಮ್ಮನೇ ಕೇಳುತ್ತಾರೆ, "ಯಾರೋ ಸೀರೆ ತರಿಸಿದ ಹಾಗಿದೆಯಲ್ಲ, ಯಾರಿಗೆ?"

ಇಂಥ ಹೊತ್ತಿನಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಆ್ಯಪ್‌ನ ಸೆಟ್ಟಿಂಗ್‌ಗೆ. ನನ್ನನ್ನು ಕೇಳಿದರೆ ಅದರಿಂದ ಆಗುವುದು ಅರ್ಧ ಕೆಲಸ ಮಾತ್ರ. ಕೂತು ಆರ್ಡರ್ ಪಟ್ಟಿ ನೋಡುವವರು ಮನೆಯಲ್ಲಿ ಎಷ್ಟು ಜನ ಇರುತ್ತಾರೆ ಹೇಳಿ? ಗುಟ್ಟು ರಟ್ಟಾಗುವುದು ಒಟಿಪಿ, ಬ್ಯಾಂಕ್ ಮೆಸೇಜು, ಅಪಾರ್ಟ್‌ಮೆಂಟ್ ಗೇಟು, ಕಾಲಿಂಗ್ ಬೆಲ್, ಇವುಗಳಿಂದಲೇ ಜಾಸ್ತಿ. ಹಾಗಾಗಿ ವಸ್ತು ಹುಡುಕುವುದರಿಂದ ಹಿಡಿದು ಅದು ನಿಮ್ಮ ಕೈ ಸೇರುವವರೆಗೆ ಒಂದೊಂದೇ ಹೆಜ್ಜೆ ನೋಡೋಣ.

1. ಸಾಧ್ಯವಾದರೆ ಆ ಖಾತೆಯನ್ನೇ ಬಳಸಬೇಡಿ

ಗುಟ್ಟು ಉಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ನಿಮ್ಮ ಸ್ವಂತ ನಂಬರಿನಲ್ಲಿ ಇನ್ನೊಂದು ಖಾತೆ ತೆರೆಯಿರಿ. ದುಡ್ಡು ಕೊಡಬೇಕಾಗಿಲ್ಲ. ಫ್ಲಿಪ್‌ಕಾರ್ಟ್, ಮಿಂತ್ರಾಗಳಲ್ಲಿ ಮೊಬೈಲ್ ನಂಬರ್ ಹಾಕಿ ಒಟಿಪಿ ಕೊಟ್ಟರೆ ಆಯಿತು. ಅಮೆಜಾನ್‌ನಲ್ಲೂ ಹೆಚ್ಚು ಕಮ್ಮಿ ಅಷ್ಟೇ ಕೆಲಸ.

ಹೊಸ ಖಾತೆಯನ್ನು ಆ್ಯಪ್‌ನಲ್ಲಿ ತೆರೆಯುವ ಬದಲು ಫೋನಿನ ಬ್ರೌಸರ್‌ನಲ್ಲಿ ತೆರೆದು, ಅಲ್ಲೇ ಬಳಸಿ. ಆ್ಯಪ್‌ನಲ್ಲಿ ಮನೆಯ ಖಾತೆ ಹಾಗೇ ಇರಲಿ. ಒಂದೇ ಆ್ಯಪ್‌ನಲ್ಲಿ ಎರಡು ಖಾತೆ ಇಟ್ಟುಕೊಂಡು ಆಚೆ ಈಚೆ ಓಡಾಡುವವರು ಯಾವತ್ತೋ ಒಂದು ದಿನ ತಪ್ಪು ಖಾತೆಯಲ್ಲಿ ಆರ್ಡರ್ ಒತ್ತುತ್ತಾರೆ. ಇನ್ನೊಂದು ವಿಷಯ. ಯಾರಾದರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ವಸ್ತುವಿನ ಲಿಂಕ್ ಒತ್ತಿದರೆ ಅದು ಸಾಮಾನ್ಯವಾಗಿ ನೇರವಾಗಿ ಆ್ಯಪ್‌ನಲ್ಲೇ ತೆರೆದುಕೊಳ್ಳುತ್ತದೆ, ಅಂದರೆ ಮನೆಯ ಖಾತೆಯಲ್ಲಿ. ಲಿಂಕ್ ಕಾಪಿ ಮಾಡಿ ಬ್ರೌಸರ್‌ನಲ್ಲಿ ಹಾಕಿಕೊಳ್ಳಿ.

ಹೊಸ ಖಾತೆಗೆ ಪ್ರೈಮ್ ಇರುವುದಿಲ್ಲ, ಡೆಲಿವರಿ ಚಾರ್ಜ್ ಬೀಳಬಹುದು. ಗುಟ್ಟಿಗೆ ಅಷ್ಟು ಕೊಡಬಹುದು ಬಿಡಿ. ನಿಜವಾದ ಕಷ್ಟ ದಸರಾ, ದೀಪಾವಳಿ ಸಮಯದ ದೊಡ್ಡ ಸೇಲ್‌ಗಳಲ್ಲಿ. ಅಮೆಜಾನ್ ಸೇಲ್‌ನಲ್ಲಿ ಪ್ರೈಮ್ ಇದ್ದವರಿಗೆ ಬಾಗಿಲು ಮೊದಲೇ ತೆರೆಯುತ್ತದೆ, ಒಳ್ಳೆಯ ಆಫರ್ ಅಷ್ಟರಲ್ಲೇ ಖಾಲಿ ಆಗಬಹುದು. ಆಗ ಪ್ರೈಮ್ ಇರುವ ಗೆಳೆಯರ ಖಾತೆಯಲ್ಲಿ ಆರ್ಡರ್ ಹಾಕಿಸಿ, ದುಡ್ಡನ್ನು ಅವರಿಗೆ ಯುಪಿಐ ಮಾಡಿ. ಇದರಲ್ಲಿ ಇನ್ನೊಂದು ಲಾಭವೂ ಇದೆ. ಬ್ಯಾಂಕ್ ಲೆಕ್ಕದಲ್ಲಿ ಬರುವುದು ಅಂಗಡಿಯ ಹೆಸರಲ್ಲ, ಗೆಳೆಯರ ಹೆಸರು. ಪಾರ್ಸೆಲ್ ಕೂಡ ಅವರ ಮನೆಗೇ ಹೋಗುತ್ತದೆ. ಇಷ್ಟು ಸಾಧ್ಯವಾದರೆ ಮುಂದಿನ ಹೆಜ್ಜೆ ನಿಮಗೆ ಬೇಡವೇ ಬೇಡ, ನೇರವಾಗಿ ಮೂರನೆಯದಕ್ಕೆ ಹೋಗಿ.

2. ಮನೆಯ ಖಾತೆಯಲ್ಲೇ ತರಿಸಬೇಕಾಗಿ ಬಂದರೆ

ಹುಡುಕಾಟವನ್ನು ಆ ಖಾತೆಯ ಹೊರಗೆ ಮುಗಿಸಿಕೊಳ್ಳಿ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿ ತೆರೆದು, ಲಾಗಿನ್ ಆಗದೆ, ಬೆಲೆ, ಅಳತೆ, ಬಣ್ಣ ಎಲ್ಲ ನೋಡಿ ತೀರ್ಮಾನಿಸಿ. ಇನ್‌ಕಾಗ್ನಿಟೊ ಬಗ್ಗೆ ಅನೇಕರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ನಿಮ್ಮ ಫೋನಿನಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಒಳಗೆ ಹೋಗಿ ಮನೆಯ ಖಾತೆಗೆ ಲಾಗಿನ್ ಆದಿರೋ, ನೀವು ನೋಡಿದ್ದೆಲ್ಲ ಆ ಖಾತೆಯ ಲೆಕ್ಕಕ್ಕೆ ಸೇರುತ್ತದೆ. ಆಮೇಲೆ ಅಪ್ಪ ಆ್ಯಪ್ ತೆರೆದಾಗ ಮೊದಲ ಪುಟದಲ್ಲೇ ಹತ್ತು ಕೈಗಡಿಯಾರ ಸಾಲಾಗಿ ನಿಂತಿರುತ್ತವೆ. ಅಪ್ಪನಿಗೆ ಏನು ಬರಲಿದೆ ಎಂದು ಬೇರೆ ಯಾರೂ ಹೇಳಬೇಕಾಗಿಲ್ಲ.

ಆಗಲೇ ಖಾತೆಯಲ್ಲೇ ನೋಡಿಬಿಟ್ಟಿದ್ದರೆ ಬ್ರೌಸಿಂಗ್ ಹಿಸ್ಟರಿಗೆ ಹೋಗಿ ಆ ವಸ್ತುಗಳನ್ನು ತೆಗೆಯಿರಿ. ಅಮೆಜಾನ್‌ನಲ್ಲಿ ಒಂದೊಂದಾಗಿಯೂ ತೆಗೆಯಬಹುದು, ಹಿಸ್ಟರಿ ಉಳಿಸುವುದನ್ನೇ ಸ್ವಲ್ಪ ದಿನ ನಿಲ್ಲಿಸಲೂಬಹುದು. ಎಲ್ಲವನ್ನೂ ಅಳಿಸಬೇಡಿ. ಪೂರ್ತಿ ಖಾಲಿಯಾದ ಹಿಸ್ಟರಿ ನೋಡಿದರೆ ಅನುಮಾನ ಇಲ್ಲದವರಿಗೂ ಬರುತ್ತದೆ. ಸರ್ಚ್ ಪೆಟ್ಟಿಗೆ ಮುಟ್ಟಿದಾಗ ಕೆಳಗೆ ಬರುವ ಹಳೆಯ ಹುಡುಕಾಟಗಳನ್ನೂ ನೋಡಿ. "60 ವರ್ಷ ಶಾಂತಿ ಗಿಫ್ಟ್" ಎಂದು ಅಲ್ಲಿ ಕೂತಿದ್ದರೆ ಉಳಿದ ಎಚ್ಚರಿಕೆ ಎಲ್ಲಾ ನೀರುಪಾಲು.

ಕಾರ್ಟ್‌ನಲ್ಲಿ ವಸ್ತು ಹಾಕಿ "ನಾಳೆ ನೋಡೋಣ" ಎಂದು ಬಿಡಬೇಡಿ. ಕಾರ್ಟ್ ಎಲ್ಲರದ್ದೂ ಒಂದೇ. ರಾತ್ರಿ ಹತ್ತಕ್ಕೆ ಅಮ್ಮ ಅದೇ ಕಾರ್ಟ್‌ಗೆ ಡಿಟರ್ಜೆಂಟ್ ಪುಡಿ ಸೇರಿಸಿ ದುಡ್ಡು ಕಟ್ಟಿಬಿಟ್ಟರೆ, ತಮ್ಮ ಉಡುಗೊರೆಗೆ ತಾವೇ ಕಾಸು ಕೊಟ್ಟ ಹಾಗೆ. ವಿಶ್‌ಲಿಸ್ಟ್ ಕತೆಯೂ ಅದೇ. "ಪ್ರೈವೇಟ್" ಎಂದು ಬರೆದಿದ್ದರೂ ಅದು ಹೊರಗಿನವರಿಗೆ ಮಾತ್ರ ಪ್ರೈವೇಟ್. ಒಂದೇ ಖಾತೆಯೊಳಗೆ ಇರುವವರಿಗೆಲ್ಲ ಕಾಣುತ್ತದೆ.

ಇನ್ನು ಆರ್ಡರ್ ಪಟ್ಟಿ. ಒಮ್ಮೆ ಮಾಡಿದ ಆರ್ಡರನ್ನು ಅಮೆಜಾನ್ ಪಟ್ಟಿಯಿಂದ ಪೂರ್ತಿಯಾಗಿ ಅಳಿಸಲು ಬರುವುದಿಲ್ಲ. ಕ್ಯಾನ್ಸಲ್ ಮಾಡಿದರೂ ಅದು ಕ್ಯಾನ್ಸಲ್ ಆದ ಆರ್ಡರ್ ಆಗಿ ಅಲ್ಲೇ ಉಳಿಯುತ್ತದೆ. ನೀವು ಬಳಸುವ ತಾಣದಲ್ಲಿ ಆರ್ಡರನ್ನು ಆರ್ಕೈವ್ ಮಾಡುವ ಅಥವಾ ಮರೆಮಾಡುವ ಬಟನ್ ಇದ್ದರೆ ಬಳಸಿ. ಆದರೆ ಅದು ಕಣ್ಣಿಗೆ ಬೀಳದ ಹಾಗೆ ಪಕ್ಕಕ್ಕೆ ಇಡುತ್ತದೆ ಅಷ್ಟೇ, ಹುಡುಕಿದರೆ ಸಿಕ್ಕೇ ಸಿಗುತ್ತದೆ. ನಾನು ಹೇಳುವ ಉಪಾಯ ತೀರಾ ಸರಳ. ಉಡುಗೊರೆ ಆರ್ಡರ್ ಆದ ಮೇಲೆ ಮನೆಗೆ ಹೇಗೂ ಬೇಕಾದ ಎರಡು ಮೂರು ಸಣ್ಣ ವಸ್ತುಗಳನ್ನು ಬೇರೆ ಬೇರೆಯಾಗಿ ತರಿಸಿ. ಪಾತ್ರೆ ಉಜ್ಜುವ ಸ್ಕ್ರಬ್ಬರ್, ಬಲ್ಬು, ಬ್ಯಾಟರಿ, ಏನೋ ಒಂದು. ಪಟ್ಟಿಯಲ್ಲಿ ಉಡುಗೊರೆ ಕೆಳಕ್ಕೆ ಸರಿಯುತ್ತದೆ. ಉಡುಗೊರೆಯನ್ನು ಮಾತ್ರ ಬೇರೆ ಸಾಮಾನಿನ ಜೊತೆ ಒಂದೇ ಆರ್ಡರಿನಲ್ಲಿ ಸೇರಿಸಬೇಡಿ. ಒಂದೇ ಡಬ್ಬಿಯಲ್ಲಿ ಬಂದರೆ ಸ್ಕ್ರಬ್ಬರ್‌ಗೆ ಕಾಯುತ್ತಿರುವವರೇ ಅದನ್ನು ಬಿಚ್ಚುತ್ತಾರೆ.

ಬೇಗ ಬರುವ ಡೆಲಿವರಿಯನ್ನೇ ಆರಿಸಿ. ಪಾರ್ಸೆಲ್ ದಾರಿಯಲ್ಲಿ ಇರುವಷ್ಟು ದಿನವೂ "ಇವತ್ತು ಬರಲಿದೆ", "ನಾಳೆ ಬರಲಿದೆ" ಎಂದು ಆ್ಯಪ್ ಫೋಟೊ ಸಮೇತ ನೆನಪಿಸುತ್ತಿರುತ್ತದೆ, ಅದೂ ಲಾಗಿನ್ ಆಗಿರುವ ಎಲ್ಲಾ ಫೋನುಗಳಲ್ಲಿ. ಅಂಥ ದಿನಗಳು ಕಡಿಮೆ ಆದಷ್ಟೂ ಒಳ್ಳೆಯದು. ಹಾಗಂತ ಅಮ್ಮನ ಫೋನ್ ತೆಗೆದುಕೊಂಡು ನೋಟಿಫಿಕೇಶನ್ ಆಫ್ ಮಾಡಲು ಹೋಗಬೇಡಿ. ಅವರ ಬೇರೆ ಆರ್ಡರಿನ ಸುದ್ದಿಯೂ ನಿಂತುಹೋಗುತ್ತದೆ. "ನನ್ನ ಫೋನಲ್ಲಿ ನೀನೇನು ಮಾಡ್ತಿದ್ದೆ?" ಎಂಬ ಪ್ರಶ್ನೆಗೆ ಸುಳ್ಳು ಹುಡುಕುವುದು ಉಡುಗೊರೆ ಹುಡುಕುವುದಕ್ಕಿಂತ ಕಷ್ಟ.

ಹಾಲ್‌ನಲ್ಲಿ ಅಲೆಕ್ಸಾ ಇದ್ದರೆ ಅದರ ಬಾಯಿಯನ್ನೂ ಕಟ್ಟಬೇಕು. ಮನೆಯ ಅಮೆಜಾನ್ ಖಾತೆಗೇ ಜೋಡಿಸಿರುವ ಎಕೊ ಸ್ಪೀಕರ್ ಹಳದಿ ದೀಪ ಮಿಣುಕಿಸುತ್ತದೆ, ಏನಪ್ಪಾ ಎಂದು ಕೇಳಿದರೆ ಬರುತ್ತಿರುವ ವಸ್ತುವಿನ ಹೆಸರನ್ನೇ ಹೇಳಿಬಿಡಬಹುದು. ಅಲೆಕ್ಸಾ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್, ಅದರಲ್ಲಿ ಅಮೆಜಾನ್ ಶಾಪಿಂಗ್ ಎಂದಿದೆ. ವಸ್ತುವಿನ ಹೆಸರು ಹೇಳುವ ಆಯ್ಕೆಯನ್ನು ಅಲ್ಲಿ ಆಫ್ ಮಾಡಿ.

ಸ್ಕ್ರೀನ್‌ಶಾಟ್ ಬಗ್ಗೆಯೂ ಒಂದು ಮಾತು. ಅಕ್ಕನಿಗೆ ತೋರಿಸಲೆಂದು ಉಂಗುರದ ಸ್ಕ್ರೀನ್‌ಶಾಟ್ ತೆಗೆಯುತ್ತೀರಿ. ಅದು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಬಹುದು. ಅದೇ ಗೂಗಲ್ ಖಾತೆ ಟಿವಿಯಲ್ಲೋ ಮನೆಯ ಟ್ಯಾಬ್‌ನಲ್ಲೋ ಇದ್ದರೆ ಅಲ್ಲೂ ಕಾಣುತ್ತದೆ. ಟಿವಿಯ ಯೂಟ್ಯೂಬ್‌ನಲ್ಲೂ ಅದೇ ಗೂಗಲ್ ಖಾತೆ ಇದ್ದರೆ ನೀವು ಹುಡುಕಿ ನೋಡಿದ ಉಂಗುರದ ಜಾಹೀರಾತು ಅಲ್ಲಿಗೂ ಹಿಂಬಾಲಿಸಬಹುದು. ಗೂಗಲ್ ಖಾತೆಯ ಜಾಹೀರಾತು ಸೆಟ್ಟಿಂಗ್‌ನಲ್ಲಿ ವೈಯಕ್ತಿಕ ಜಾಹೀರಾತುಗಳನ್ನು ನಿಲ್ಲಿಸುವ ಆಯ್ಕೆ ಇದೆ, ಹಬ್ಬ ಮುಗಿಯುವವರೆಗೆ ಅದು ಆಫ್ ಇರಲಿ.

3. ದುಡ್ಡು ಎಲ್ಲಿಂದ ಹೋಗುತ್ತದೆ?

ಬ್ಯಾಂಕಿನ ಮೆಸೇಜಿನಲ್ಲಿ ನೀವು ಏನು ಕೊಂಡಿರಿ ಎಂಬುದು ಇರುವುದಿಲ್ಲ. ಎಷ್ಟು ದುಡ್ಡು, ಯಾರಿಗೆ ಹೋಯಿತು ಎಂಬುದು ಇರುತ್ತದೆ. ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಎಲ್ಲವೂ ಸಿಗುವ ತಾಣಗಳಿಗೆ ಇದು ಅನುಕೂಲ, ಯಾಕೆಂದರೆ ಹೆಸರಿನಿಂದ ಏನೂ ಗೊತ್ತಾಗುವುದಿಲ್ಲ. ಒಡವೆ ಅಂಗಡಿಯ ವೆಬ್‌ಸೈಟ್‌ನಲ್ಲಿ ಕೊಂಡರೆ ಹೆಸರೇ ಸಾಕು, ಮಿಕ್ಕಿದ್ದನ್ನು ಹೆಂಡತಿ ಊಹಿಸುತ್ತಾರೆ.

ಗಂಡ ಹೆಂಡತಿಯ ಜಂಟಿ ಖಾತೆ ಇದ್ದರೆ ಅದರಿಂದ ಕಟ್ಟಬೇಡಿ. ಆ್ಯಡ್-ಆನ್ ಕ್ರೆಡಿಟ್ ಕಾರ್ಡ್ ಕೂಡ ಬೇಡ, ಅದರ ಬಿಲ್ಲು ಬರುವುದು ಮುಖ್ಯ ಕಾರ್ಡ್ ಇರುವವರ ಹೆಸರಿಗೆ. ನಿಮ್ಮ ಸಂಬಳದ ಖಾತೆಗೆ ಜೋಡಿಸಿದ ಯುಪಿಐ ಒಳ್ಳೆಯದು.

ಗಿಫ್ಟ್ ಕಾರ್ಡ್ ತಂದು ಹಾಕಿಕೊಳ್ಳಿ ಎಂದು ಕೆಲವರು ಹೇಳುತ್ತಾರೆ. ನಿಮ್ಮ ಬೇರೆ ಖಾತೆಗೆ ಹಾಕುವುದಾದರೆ ಸರಿ. ಮನೆಯ ಖಾತೆಗೆ ಹಾಕಿದರೆ ಅದು ಎಲ್ಲರ ಬ್ಯಾಲೆನ್ಸ್ ಆಗಿಬಿಡುತ್ತದೆ. ನೀವು ಸೀರೆ ಆರಿಸುವಷ್ಟರಲ್ಲಿ ಮಗ ಅದರಲ್ಲಿ ಕ್ರಿಕೆಟ್ ಬ್ಯಾಟ್ ತರಿಸಿರುತ್ತಾನೆ.

ಮನೆಯ ಖರ್ಚಿನ ಲೆಕ್ಕ ಬರೆಯುವವರಿಗೇ ಉಡುಗೊರೆ ಕೊಡುತ್ತಿದ್ದೀರಾ? ಆಗ ದುಡ್ಡನ್ನು ಮುಚ್ಚಿಡಬೇಡಿ. "ಮೂರು ಸಾವಿರ ಖರ್ಚಾಗಿದೆ, ಯಾವುದಕ್ಕೆ ಅಂತ ಹಬ್ಬದ ದಿನ ಹೇಳ್ತೀನಿ" ಎಂದುಬಿಡಿ. ವಸ್ತು ಗುಟ್ಟಾಗಿದ್ದರೆ ಸಾಕು, ಖರ್ಚು ಗುಟ್ಟಾಗಬೇಕಿಲ್ಲ. ಲೆಕ್ಕಕ್ಕೆ ಸಿಗದ ದುಡ್ಡು ಮನೆಯಲ್ಲಿ ಬೇರೆ ಥರದ ಜಗಳ ತರುತ್ತದೆ.

4. ಗೇಟು, ಬೆಲ್ಲು, ಒಟಿಪಿ

ಆರ್ಡರ್ ಗುಟ್ಟಾಗಿ ಮಾಡಿದವರಲ್ಲೂ ಬಹಳ ಜನ ಸಿಕ್ಕಿಬೀಳುವುದು ಇಲ್ಲೇ.

ಅಪಾರ್ಟ್‌ಮೆಂಟಿನಲ್ಲಿ ಇದ್ದರೆ ಮೈಗೇಟ್, ನೋಬ್ರೋಕರ್‌ಹುಡ್‌ನಂಥ ಗೇಟ್ ಆ್ಯಪ್ ಇರುತ್ತದೆ. ಡೆಲಿವರಿ ಹುಡುಗ ಗೇಟಿಗೆ ಬಂದ ಕೂಡಲೇ ಫ್ಲಾಟಿನ ಹೆಸರಿನಲ್ಲಿ ಸೇರಿಸಿರುವವರ ಫೋನುಗಳು ಬಡಿದುಕೊಳ್ಳುತ್ತವೆ. ಯಾರು ಬೇಕಾದರೂ ಮೊದಲು ಒಪ್ಪಿಗೆ ಒತ್ತಿಬಿಡಬಹುದು, ಪಾರ್ಸೆಲ್ ನೇರವಾಗಿ ಮನೆ ಬಾಗಿಲಿಗೆ. ಇದಕ್ಕೆ ಎರಡು ದಾರಿ. ಬರುವ ದಿನ ಗೊತ್ತಿದ್ದರೆ ಬೆಳಿಗ್ಗೆಯೇ ಆ ಡೆಲಿವರಿಗೆ ಒಪ್ಪಿಗೆ ಕೊಟ್ಟಿಡಿ. ಇಲ್ಲವೇ ಪಾರ್ಸೆಲ್ ಗೇಟಿನಲ್ಲೇ ಬಿಡುವ ಆಯ್ಕೆ ಬಳಸಿ, ಸಂಜೆ ವಾಕಿಂಗ್ ಹೋಗುವಾಗ ಸೆಕ್ಯುರಿಟಿ ಹತ್ತಿರ ತೆಗೆದುಕೊಳ್ಳಿ. ಮೈಗೇಟ್‌ನಲ್ಲಿ ಈ ಆಯ್ಕೆ ಇದೆ. ಆದರೂ ಒಪ್ಪಿಗೆಯ ಸುದ್ದಿ ಬೇರೆಯವರ ಫೋನಿಗೂ ಹೋಗಬಹುದು, ಆದ್ದರಿಂದ ಬಾಯಲ್ಲಿ ಒಂದು ಉತ್ತರ ಸಿದ್ಧವಿರಲಿ. ಮೇಲೆ ಹೇಳಿದ ಸ್ಕ್ರಬ್ಬರ್, ಬಲ್ಬು ಇಲ್ಲಿ ಇನ್ನೊಮ್ಮೆ ಉಪಯೋಗಕ್ಕೆ ಬರುತ್ತವೆ.

ಬಸವನಗುಡಿ, ರಾಜಾಜಿನಗರದ ಕಡೆಯ ಬಿಡಿ ಮನೆಗಳಲ್ಲಿ ಗೇಟ್ ಆ್ಯಪ್ ಇಲ್ಲ, ಆದರೆ ಫೋನ್ ಬರುತ್ತದೆ. "ಸಾರ್, ಯಾವ ಕ್ರಾಸ್, ಯಾವ ಮೇನು?" ಎಂದು ಕೇಳುವ ಆ ಕರೆ ವಿಳಾಸದ ಜೊತೆ ಕೊಟ್ಟಿರುವ ನಂಬರಿಗೆ ಹೋಗುತ್ತದೆ. ಅದು ಅಪ್ಪನದ್ದಾಗಿದ್ದರೆ ಅಲ್ಲಿಗೆ ಮುಗಿಯಿತು. ಅದೇ ಮನೆಯ ವಿಳಾಸವನ್ನು ನಿಮ್ಮ ಹೆಸರು, ನಿಮ್ಮ ನಂಬರ್ ಹಾಕಿ ಇನ್ನೊಂದು ವಿಳಾಸವಾಗಿ ಸೇರಿಸಿ, ಉಡುಗೊರೆಗೆ ಅದನ್ನು ಆರಿಸಿ.

ಒಟಿಪಿ ಮಾತ್ರ ಬೇರೆ ಕತೆ. ಬೆಲೆ ಜಾಸ್ತಿ ಇರುವ ವಸ್ತುಗಳಿಗೆ ಬಾಗಿಲಲ್ಲಿ ಒಟಿಪಿ ಕೇಳುತ್ತಾರೆ. ಅದು ಸಾಮಾನ್ಯವಾಗಿ ಖಾತೆಯಲ್ಲಿ ನೋಂದಾಯಿಸಿದ ನಂಬರಿಗೆ ಹೋಗುತ್ತದೆ. ಆ್ಯಪ್‌ನ ಆರ್ಡರ್ ಪುಟದಲ್ಲೂ ಕಾಣುತ್ತದೆ, ನೀವು ಅಲ್ಲಿಂದಲೇ ನೋಡಿ ಹೇಳಬಹುದು. ಆದರೆ ಅಪ್ಪನ ಫೋನಿಗೆ ಮೆಸೇಜ್ ಹೋಗುವುದು ತಪ್ಪುವುದಿಲ್ಲ. ಮೊಬೈಲು, ವಾಚಿನಂಥ ದುಬಾರಿ ವಸ್ತುವನ್ನು ಮನೆಯ ಖಾತೆಯಲ್ಲಿ ತರಿಸಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೇ.

ಮನೆಯಲ್ಲಿ ಯಾರಿಗೂ ಹೇಳದೆ ತರಿಸುವುದರಲ್ಲಿ ಇನ್ನೊಂದು ತೊಡಕಿದೆ. ಯಾರೂ ಆರ್ಡರ್ ಮಾಡದ ಪಾರ್ಸೆಲ್ ತಂದು ದುಡ್ಡು ಕೇಳುವ, ಇಲ್ಲವೇ ಫೋನಿನಲ್ಲಿ ಒಟಿಪಿ ಕೇಳಿ ಮೋಸ ಮಾಡುವ ಜನ ಇದ್ದಾರೆ. ಅದಕ್ಕೇ "ಗೊತ್ತಿಲ್ಲದ ಪಾರ್ಸೆಲ್ ತಗೋಬೇಡಿ, ಒಟಿಪಿ ಹೇಳಬೇಡಿ" ಎಂದು ನಾವೇ ಅಪ್ಪ ಅಮ್ಮನಿಗೆ ಪಾಠ ಮಾಡಿರುತ್ತೇವೆ. ಅವರು ಪಾಠ ಚೆನ್ನಾಗಿ ಕಲಿತಿದ್ದರೆ ನಿಮ್ಮ ಉಡುಗೊರೆಯನ್ನು ಬಾಗಿಲಿಂದಲೇ ವಾಪಸ್ ಕಳಿಸುತ್ತಾರೆ. ತಪ್ಪು ಅವರದ್ದಲ್ಲ. "ಈ ಸಲ ಮಾತ್ರ ತಗೊಂಡುಬಿಡಿ" ಎಂದು ಅಭ್ಯಾಸ ಕೆಡಿಸಬೇಡಿ. ಮನೆಯಲ್ಲಿ ಒಬ್ಬರನ್ನು ಗುಟ್ಟಿನಲ್ಲಿ ಸೇರಿಸಿಕೊಳ್ಳಿ. ಅಮ್ಮನಿಗೆ ಉಡುಗೊರೆಯಾದರೆ ಅಪ್ಪ, ಅಪ್ಪನಿಗಾದರೆ ಅಮ್ಮ. ಸಣ್ಣ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳಬೇಡಿ. "ಅಜ್ಜಿ, ನಿನಗೆ ಏನೂ ತಂದಿಲ್ಲ" ಎಂದು ಅವು ತಾವಾಗಿಯೇ ಹೇಳಿಬಿಡುತ್ತವೆ.

ಎಲ್ಲಕ್ಕಿಂತ ಸುಲಭ ಬೇರೆ ವಿಳಾಸ. ಆಫೀಸಿಗೆ ತರಿಸುವುದಾದರೆ ಮೊದಲು ವಿಚಾರಿಸಿ. ಕೆಲವು ಟೆಕ್ ಪಾರ್ಕ್‌ಗಳಲ್ಲಿ ಸ್ವಂತ ಪಾರ್ಸೆಲ್ ಒಳಗೆ ಬಿಡುವುದಿಲ್ಲ, ನೀವೇ ಗೇಟಿನವರೆಗೆ ನಡೆದು ಬರಬೇಕು. ವಿಳಾಸ ಸೇರಿಸುವಾಗ ಅದು ಆಫೀಸು ಎಂದು ಗುರುತು ಮಾಡಿದರೆ ಕೆಲಸದ ಹೊತ್ತಿನಲ್ಲಿ ತಲುಪುವ ಸಾಧ್ಯತೆ ಜಾಸ್ತಿ. ಇಲ್ಲದಿದ್ದರೆ ಭಾನುವಾರ ಬಂದು, ಬೀಗ ನೋಡಿ ಹೋಗುತ್ತಾರೆ. ಬೀದಿಯ ಇಸ್ತ್ರಿಯವರು, ಪ್ರಾವಿಷನ್ ಸ್ಟೋರಿನವರು ಪರಿಚಯವಿದ್ದರೆ ಅವರನ್ನೂ ಕೇಳಬಹುದು. ಎದುರು ಮನೆ ಆಂಟಿ ಬಗ್ಗೆ ನೀವೇ ಯೋಚಿಸಿ. ಪಾರ್ಸೆಲ್ ಜೋಪಾನವಾಗಿ ಇರುತ್ತದೆ, ಗುಟ್ಟಿನ ಮಾತು ಬೇರೆ.

ಕೆಲವು ವಸ್ತುಗಳು ಕಂಪನಿಯ ಡಬ್ಬಿಯಲ್ಲೇ ಬರುತ್ತವೆ, ಮೇಲೆ ಕಂದು ಪೆಟ್ಟಿಗೆ ಇರುವುದಿಲ್ಲ. ಏರ್ ಫ್ರೈಯರ್‌ನ ದೊಡ್ಡ ಚಿತ್ರ ಹೊತ್ತ ಡಬ್ಬಿಯನ್ನು ಲಿಫ್ಟ್‌ನಲ್ಲಿ ಯಾರ ಕಣ್ಣಿಗೂ ಬೀಳದೆ ತರುವುದು ಕಷ್ಟ. ಆರ್ಡರ್ ಮಾಡುವಾಗ ಬೇರೆ ಪೆಟ್ಟಿಗೆಯಲ್ಲಿ ಕಳಿಸುವ ಅಥವಾ ಗಿಫ್ಟ್ ಪ್ಯಾಕ್ ಮಾಡುವ ಆಯ್ಕೆ ಕೊಡುತ್ತಾರಾ ನೋಡಿ.

5. ಎಲ್ಲಿ ಅಡಗಿಸುತ್ತೀರಿ?

ಅಟ್ಟ ಎಂದು ಎಲ್ಲರೂ ಹೇಳುತ್ತಾರೆ. ಆದರೆ ದಸರಾಕ್ಕೆ ಮುಂಚೆ ಬೊಂಬೆ ಕೂರಿಸುವ ಮನೆಗಳಲ್ಲಿ ಅಟ್ಟವೇ ಮೊದಲು ಖಾಲಿಯಾಗುವ ಜಾಗ. ದೀಪಾವಳಿ, ಯುಗಾದಿಗೆ ಮನೆ ಸ್ವಚ್ಛ ಮಾಡುವಾಗಲೂ ಅಷ್ಟೇ. ಕಾರಿನ ಡಿಕ್ಕಿ ಒಳ್ಳೆಯ ಜಾಗವೇ, ಆಯುಧಪೂಜೆಯ ವಾರ ಒಂದನ್ನು ಬಿಟ್ಟು. ಆವತ್ತು ಡಿಕ್ಕಿ ತೊಳೆಯದೆ ಬಿಡುವವರು ಯಾರು? ಸಣ್ಣ ವಸ್ತುವಾದರೆ ಆಫೀಸ್ ಬ್ಯಾಗಿನ ಲ್ಯಾಪ್‌ಟಾಪ್ ಜೇಬು ಸಾಕು. ದೊಡ್ಡದಾದರೆ ಸುಮ್ನೆ ಆಫೀಸಿನ ಲಾಕರಿನಲ್ಲೋ ಗೆಳೆಯರ ಮನೆಯಲ್ಲೋ ಬಿಟ್ಟು, ಹಿಂದಿನ ದಿನ ತನ್ನಿ.

ಇಷ್ಟೆಲ್ಲಾ ಯಾಕೆ ಅನ್ನಿಸಿದರೆ, ಊರು ಇದೆಯಲ್ಲ! ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆಯಲ್ಲಿ ಇಳಿದರೆ ಸೀರೆ, ನೇರಳೆ ಮಾರ್ಗದ ಎಂ.ಜಿ. ರಸ್ತೆಯಲ್ಲಿ ಇಳಿದು ಚರ್ಚ್ ಸ್ಟ್ರೀಟಿಗೆ ನಡೆದರೆ ಪುಸ್ತಕ. ನಗದು ಕೊಟ್ಟರೆ ಯಾವ ಫೋನಿಗೂ ಮೆಸೇಜು ಹೋಗುವುದಿಲ್ಲ. ನಗದು ಇಲ್ಲದಿದ್ದರೆ ಯುಪಿಐ ಲೈಟ್ ಇದೆ, ಅಂದರೆ ಯುಪಿಐ ಆ್ಯಪ್‌ನಲ್ಲಿ ಮೊದಲೇ ದುಡ್ಡು ತುಂಬಿಸಿಟ್ಟುಕೊಳ್ಳುವ ಪುಟ್ಟ ಪರ್ಸು. ಒಂದು ಸಲಕ್ಕೆ 1,000 ರೂಪಾಯಿವರೆಗೆ ಕೊಡಬಹುದು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಾಣುವುದು ಅದಕ್ಕೆ ದುಡ್ಡು ತುಂಬಿಸಿದ ಲೆಕ್ಕ ಮಾತ್ರ, ಅಂಗಡಿಯ ಹೆಸರಲ್ಲ. ಅಂಗಡಿಯಲ್ಲಿ ಬಿಲ್ಲಿಗೆ ಮೊಬೈಲ್ ನಂಬರ್ ಕೇಳಿದಾಗ, ಪಾಯಿಂಟ್ಸ್ ಬರಲಿ ಎಂದು ಅಭ್ಯಾಸಬಲದಿಂದ ಹೆಂಡತಿಯ ನಂಬರ್ ಹೇಳಬೇಡಿ.

6. ಕೊಟ್ಟ ಮೇಲೆ ಮಾಡಬೇಕಾದದ್ದು

ತೀರಾ ಮುಂಚೆ ತರಿಸಿದರೆ ವಾಪಸ್ ಮಾಡುವ ಅವಧಿ ಮುಗಿದುಹೋಗುತ್ತದೆ. ಬಹಳಷ್ಟು ವಸ್ತುಗಳಿಗೆ ಅದು 7 ಅಥವಾ 10 ದಿನ. ಎಣಿಕೆ ಶುರುವಾಗುವುದು ಪಾರ್ಸೆಲ್ ಬಂದ ದಿನದಿಂದ, ನೀವು ಕೊಟ್ಟ ದಿನದಿಂದ ಅಲ್ಲ. ಬಟ್ಟೆ, ಚಪ್ಪಲಿಯಂಥ ಅಳತೆ ತಪ್ಪುವ ವಸ್ತುಗಳನ್ನು ಕೊಡುವ ದಿನಕ್ಕೆ ಮೂರು ನಾಲ್ಕು ದಿನ ಮುಂಚೆ ಬರುವ ಹಾಗೆ ನೋಡಿಕೊಳ್ಳಿ. ಎಲೆಕ್ಟ್ರಾನಿಕ್ಸ್ ಆದರೆ ಬಂದ ದಿನವೇ ಡಬ್ಬಿ ಬಿಚ್ಚಿ, ಆನ್ ಮಾಡಿ ನೋಡಿ, ಮತ್ತೆ ಮುಚ್ಚಿಡಿ. ಹಬ್ಬದ ದಿನ ಆನ್ ಆಗದ ಸ್ಪೀಕರ್ ಕೊಡುವುದಕ್ಕಿಂತ ಸೀಲ್ ಒಡೆದ ಡಬ್ಬಿ ಕೊಡುವುದು ವಾಸಿ.

ಡಬ್ಬಿಯ ಮೇಲೆ ಎಂಆರ್‌ಪಿ ಇದ್ದೇ ಇರುತ್ತದೆ, ಅದನ್ನು ಅಚ್ಚು ಹಾಕಲೇಬೇಕು ಎಂದು ಕಾನೂನಿದೆ. ಬೆಲೆ ಕಾಣಬಾರದು ಎಂದಿದ್ದರೆ ಅದರ ಮೇಲೆ ಒಂದು ಬಣ್ಣದ ಸ್ಟಿಕ್ಕರ್ ಅಂಟಿಸಿ. ಡಬ್ಬಿಯನ್ನೇ ಎಸೆಯಬೇಡಿ, ವಾರಂಟಿಗೆ ಅದರ ಮೇಲಿನ ಸೀರಿಯಲ್ ನಂಬರ್ ಬೇಕಾಗಬಹುದು. ಬಿಲ್ಲನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಗೆಳೆಯರ ಖಾತೆಯಲ್ಲಿ ತರಿಸಿದ್ದರೆ ಇದನ್ನು ಅದೇ ದಿನ ಕೇಳಿ ಪಡೆಯಿರಿ. ಒಂದು ವರ್ಷದ ಮೇಲೆ ಮಿಕ್ಸಿ ಕೆಟ್ಟಾಗ ಅವರನ್ನು ಹುಡುಕಿಕೊಂಡು ಹೋಗುವುದು ಬೇಡ.

ಮನೆಯ ಖಾತೆಯಲ್ಲಿ ಆರ್ಕೈವ್ ಮಾಡಿದ್ದನ್ನು ವಾಪಸ್ ತನ್ನಿ, ನಿಲ್ಲಿಸಿದ್ದ ಹಿಸ್ಟರಿ, ಅಲೆಕ್ಸಾ ಸೆಟ್ಟಿಂಗ್ ಎಲ್ಲ ಮೊದಲಿದ್ದ ಹಾಗೆ ಮಾಡಿ. ಆಮೇಲೆ ವಿಳಾಸಗಳ ಪಟ್ಟಿಗೆ ಹೋಗಿ ನೀವು ಸೇರಿಸಿದ್ದ ವಿಳಾಸ ತೆಗೆಯಿರಿ, ಡೀಫಾಲ್ಟ್ ಆಗಿ ಮನೆಯ ವಿಳಾಸವೇ ಇದೆಯಾ ಎಂದು ನೋಡಿ. ಇದನ್ನು ಮರೆತರೆ ಅಮ್ಮ ಮುಂದಿನ ಸಲ ತರಿಸುವ ಹತ್ತು ಕೆಜಿ ಸೋನಾ ಮಸೂರಿ ಅಕ್ಕಿ ನಿಮ್ಮ ಆಫೀಸಿನ ಗೇಟಿಗೆ ಬಂದು ನಿಲ್ಲುತ್ತದೆ.